ಹಳೆಯ ಲ್ಯಾಪ್‌ಟಾಪ್, ಹೊಸ ಎಸ್‌ಎಸ್‌ಡಿ: ಮೊದಲು ಡೇಟಾ, ಆಮೇಲೆ ವೇಗ

ಲ್ಯಾಪ್‌ಟಾಪ್ 2014ರದ್ದು. ಇಂಟೆಲ್‌ನ 4ನೇ ಪೀಳಿಗೆಯ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಬಳಸುವವರು ನಮ್ಮ ಚಿಕ್ಕಪ್ಪ. ಮನೆತನದ ಹಳೆಯ ಫೋಟೋ, ಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ಯಾರು, ಯಾವಾಗ, ಯಾವ ಸಂದರ್ಭ ಅಂತ ಟೈಪ್ ಮಾಡಿಡುವ ಕೆಲಸವನ್ನು ಅವರು ವರ್ಷಗಳಿಂದ ಮಾಡುತ್ತಿದ್ದಾರೆ. ಆ ಕೆಲಸವೆಲ್ಲ ಇರುವುದು ಈ ಒಂದೇ ಲ್ಯಾಪ್‌ಟಾಪ್‌ನಲ್ಲಿ. ಬೇರೆಲ್ಲೂ ಪ್ರತಿ ಇರಲಿಲ್ಲ.

ದೂರು ಎಲ್ಲರಿಗೂ ಗೊತ್ತಿರುವಂಥದ್ದೇ. ಆನ್ ಮಾಡಿದರೆ ಕೆಲಸಕ್ಕೆ ಸಿದ್ಧವಾಗಲು ಆರು ನಿಮಿಷದ ಹತ್ತಿರ ಬೇಕು. ಫೋಲ್ಡರ್ ತೆರೆದರೆ ಫೋಟೋಗಳು ಒಂದೊಂದಾಗಿ ಮೂಡುತ್ತವೆ. ನಡುನಡುವೆ ಎಲ್ಲವೂ ನಿಂತೇಬಿಡುತ್ತದೆ, ಮೌಸ್ ಬಾಣ ಮಾತ್ರ ಓಡಾಡುತ್ತದೆ.

“ಇದಕ್ಕೆ ವಯಸ್ಸಾಯ್ತು ಕಣಮ್ಮ. ಹೊಸದು ತಗೋಬೇಕೋ, ಇದೇ ಸರಿಹೋಗುತ್ತೋ, ನೀನೇ ನೋಡಿ ಹೇಳು” ಅಂದರು.

“ತಗೊಳ್ಳೋದು ಆಮೇಲೆ ಇರಲಿ ಚಿಕ್ಕಪ್ಪ. ಮೊದಲು ಅದು ಯಾತಕ್ಕೆ ಕಾಯ್ತಾ ಇದೆ ಅಂತ ನೋಡೋಣ” ಅಂದೆ.

ನಿಧಾನವಾದ ಕಂಪ್ಯೂಟರ್ ಎಲ್ಲಿ ಕಂಡರೂ “ಎಸ್‌ಎಸ್‌ಡಿ ಹಾಕಿಸಿ” ಅನ್ನುವುದು ಈಗ ರೂಢಿಯ ಸಲಹೆ. ಹಾರ್ಡ್‌ಡಿಸ್ಕ್ ಬದಲಿಗೆ ಹಾಕುವ, ಚಿಪ್‌ಗಳಲ್ಲೇ ಡೇಟಾ ಇಡುವ ಡ್ರೈವ್ ಅದು. ಸಲಹೆ ಒಳ್ಳೆಯದೇ. ಆದರೆ ನಿಧಾನ ಅನ್ನುವುದು ಹಲವು ಕಡೆಯಿಂದ ಬರುತ್ತದೆ. ರ‍್ಯಾಮ್ ಸಾಲದಿರಬಹುದು. ಫ್ಯಾನ್‌ನಲ್ಲಿ ದೂಳು ತುಂಬಿ ಪ್ರೊಸೆಸರ್ ಬಿಸಿಯಾಗಿ ತನ್ನ ವೇಗ ತಾನೇ ಇಳಿಸಿಕೊಂಡಿರಬಹುದು. ಅಥವಾ ಹಾರ್ಡ್‌ಡಿಸ್ಕ್ ಸಾಯುತ್ತಿರಬಹುದು. ಈ ಕೊನೆಯದು ನಿಜವಾದರೆ ಮಾಡಬೇಕಾದ ಕೆಲಸವೇ ಬೇರೆ, ಅದರ ಆತುರವೇ ಬೇರೆ. ಇಲ್ಲಿ ಆದದ್ದು ಅದೇ.

ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರ್ ಬಳಕೆ ನೂರಕ್ಕೆ ಹದಿನೈದನ್ನೂ ದಾಟಿರಲಿಲ್ಲ. ರ‍್ಯಾಮ್ ಮುಕ್ಕಾಲಿಗಿಂತ ಜಾಸ್ತಿ ತುಂಬಿತ್ತು. ಡಿಸ್ಕ್ ಮಾತ್ರ ಸತತವಾಗಿ 100ರಲ್ಲಿ ನಿಂತಿತ್ತು. ಆದರೆ ಅದೇ ಡಿಸ್ಕ್ ಎಷ್ಟು ಓದುತ್ತಿದೆ ಅಂತ ನೋಡಿದರೆ ಸೆಕೆಂಡಿಗೆ 1 ಎಂಬಿ, ಒಮ್ಮೊಮ್ಮೆ ಅದಕ್ಕಿಂತ ಕಡಿಮೆ. ಪೂರ್ತಿ ಬಿಡುವಿಲ್ಲದೆ ದುಡಿಯುತ್ತಿದೆ, ಆದರೆ ಬರುತ್ತಿರುವುದು ಚಿಟಿಕೆಯಷ್ಟು. ಈ ಎರಡು ಅಂಕಿ ಒಟ್ಟಿಗೆ ಕಂಡರೆ ವಿಷಯ ಅರ್ಧ ಗೊತ್ತಾದ ಹಾಗೆ.

ಯಾಕೆ ಹೀಗೆ? ಸ್ವಲ್ಪ ಲೆಕ್ಕ ಹಾಕಬೇಕು. ನಿಮಿಷಕ್ಕೆ 5400 ಸುತ್ತು ಅಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಸೆಕ್ಟರ್, ಅಂದರೆ ಡೇಟಾ ಇರುವ ಚಿಕ್ಕ ತುಂಡು, ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 5.6 ಮಿಲಿಸೆಕೆಂಡ್. ಅದಕ್ಕೂ ಮೊದಲು ಹೆಡ್ ಸರಿಯಾದ ಟ್ರ್ಯಾಕ್‌ಗೆ (ತಟ್ಟೆಯ ಮೇಲಿನ ವೃತ್ತಕ್ಕೆ) ಸರಿಯಬೇಕು. ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ಅದಕ್ಕೆ ಸುಮಾರು 12 ಮಿಲಿಸೆಕೆಂಡ್ ಹಿಡಿಯುತ್ತದೆ. ಎರಡೂ ಸೇರಿ ಹದಿನೇಳು ಹದಿನೆಂಟು ಮಿಲಿಸೆಕೆಂಡ್. ಅಂದರೆ ಅಲ್ಲೊಂದು ಇಲ್ಲೊಂದು ಇರುವ ಚೂರುಗಳನ್ನು ಓದಬೇಕಾದರೆ ಸೆಕೆಂಡಿಗೆ ಐವತ್ತರಿಂದ ಅರವತ್ತು ಚೂರು ಮಾತ್ರ ಸಾಧ್ಯ. ಒಂದು ಚೂರು 4 ಕೆಬಿ ಅಂದುಕೊಂಡರೆ ಸೆಕೆಂಡಿಗೆ ಸಿಗುವುದು 250 ಕೆಬಿಗಿಂತಲೂ ಕಡಿಮೆ.

ಅದೇ ಡಿಸ್ಕ್ ಒಂದು ದೊಡ್ಡ ಫೈಲನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿ ಹತ್ತಿರ ಕೊಡುತ್ತದೆ. ಸಿನಿಮಾ ನೋಡುವಾಗ ತೊಂದರೆಯಾಗದೆ ಇರುವುದು, ವಿಂಡೋಸ್ ಶುರುವಾಗುವಾಗ ಪ್ರಾಣ ಹೋಗುವುದು ಇದೇ ಕಾರಣಕ್ಕೆ. ಶುರುವಾಗುವಾಗ ಬೇಕಾಗುವುದು ಸಾವಿರಾರು ಸಣ್ಣ ಫೈಲ್‌ಗಳು, ರಿಜಿಸ್ಟ್ರಿಯ ತುಣುಕುಗಳು, ಡ್ರೈವರ್‌ಗಳು. ಜೊತೆಗೆ ವಿಂಡೋಸ್ ಸರ್ಚ್, ಆ್ಯಂಟಿವೈರಸ್, ಅಪ್‌ಡೇಟ್ ಎಲ್ಲವೂ ಅದೇ ಹೊತ್ತಿಗೆ ಡಿಸ್ಕ್‌ನ ಬೇರೆ ಬೇರೆ ಮೂಲೆ ಕೇಳುತ್ತವೆ. ಇದು ಒಬ್ಬನೇ ಗುಮಾಸ್ತ ಹತ್ತು ಜನರಿಗೆ ಹತ್ತು ಕೋಣೆಗಳಿಂದ ಒಂದೊಂದೇ ಹಾಳೆ ತಂದುಕೊಡುವ ಪರಿಸ್ಥಿತಿ. ಅವನ ಹೊತ್ತೆಲ್ಲ ನಡೆಯುವುದರಲ್ಲೇ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಹೆಡ್ಡೂ ಇಲ್ಲ. ಯಾವ ಚೂರು ಕೇಳಿದರೂ 0.1 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಸಿಗುತ್ತದೆ.

ಇಷ್ಟೇ ಆಗಿದ್ದರೆ ಸುಮ್ನೆ ಎಸ್‌ಎಸ್‌ಡಿ ತಂದು, ಕ್ಲೋನ್ ಮಾಡಿ, ಅಂದರೆ ಇಡೀ ಡಿಸ್ಕನ್ನು ಅದಕ್ಕೆ ನಕಲಿಸಿ, ಮುಗಿಸಬಹುದಿತ್ತು. ಆದರೆ ಆ ನಡುನಡುವಿನ ನಿಲುಗಡೆ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಹಾರ್ಡ್‌ಡಿಸ್ಕ್ ನಿಧಾನವಾಗಿರುತ್ತದೆ ನಿಜ, ಹತ್ತು ಹದಿನೈದು ಸೆಕೆಂಡ್ ಉಸಿರೇ ಇಲ್ಲದಂತೆ ನಿಲ್ಲುವುದಿಲ್ಲ. ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂಅರ್‌ನಲ್ಲಿ ಸಿಸ್ಟಮ್ ದಾಖಲೆ ನೋಡಿದಾಗ ‘ಡಿಸ್ಕ್’ ಹೆಸರಿನಲ್ಲಿ 7ನೇ ಸಂಖ್ಯೆಯ ದೋಷ ಹಲವು ಸಲ ಬಿದ್ದಿತ್ತು. ಅದು ಬ್ಯಾಡ್ ಬ್ಲಾಕ್, ಅಂದರೆ ಓದಲಾಗದ ಜಾಗ, ಇದೆ ಅನ್ನುವ ಸೂಚನೆ.

ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ನೋಡಿದೆ. ಹಳದಿ ಬಣ್ಣ, ‘ಎಚ್ಚರಿಕೆ’. ಸಾಲುಗಳಲ್ಲಿ ಸಿ5 ಎಂಬ ಗುರುತಿನ ಮುಂದೆ, ಸೊನ್ನೆಗಳ ಕೊನೆಯಲ್ಲಿ 18 ಅಂತ ಇತ್ತು. ಈ ತಂತ್ರಾಂಶ ತಾನಾಗಿ ತೋರಿಸುವುದು ಹದಿನಾರರ ಎಣಿಕೆಯಲ್ಲಿ. ಹಾಗಾಗಿ ಅದು ಹದಿನೆಂಟಲ್ಲ, ಒಂದು ಹದಿನಾರು ಮತ್ತು ಎಂಟು, ಅಂದರೆ 24. ಸಿ5 ಅಂದರೆ ಓದಲು ಹೋಗಿ ಸೋತ, ಇನ್ನೂ ತೀರ್ಮಾನವಾಗದೆ ಬಾಕಿ ಇರುವ ಸೆಕ್ಟರ್‌ಗಳ ಎಣಿಕೆ. ಅಂಥ ಜಾಗ ಸಿಕ್ಕಾಗ ಡಿಸ್ಕ್ ಬಿಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ವಿಂಡೋಸ್ ಅಲ್ಲಿಯವರೆಗೂ ಕಾಯುತ್ತದೆ. ನಿಲುಗಡೆಗೆ ಕಾರಣ ಅದೇ.

ಈ ಹಂತದಲ್ಲಿ ಮಾಡಬಾರದ ಎರಡು ಕೆಲಸಗಳನ್ನು ಹೇಳಲೇಬೇಕು, ಯಾಕೆಂದರೆ ಜನ ಮೊದಲು ಮಾಡುವುದು ಅವನ್ನೇ. ಒಂದು, ಚದುರಿದ ಫೈಲ್ ಚೂರುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್. ಇನ್ನೊಂದು, ಕೆಟ್ಟ ಸೆಕ್ಟರ್ ಹುಡುಕಿ ಸರಿಮಾಡಿಸುವ ಚೆಕ್‌ಡಿಸ್ಕ್. ಎರಡೂ ದುರ್ಬಲ ಡಿಸ್ಕನ್ನು ಗಂಟೆಗಟ್ಟಲೆ ಓಡಿಸುತ್ತವೆ, ಅದರ ಮೇಲೆ ಬರೆಯುತ್ತವೆ. ಪ್ರತಿ ಇಲ್ಲದ ಡೇಟಾ ಅದರೊಳಗೆ ಇರುವಾಗ ಅದು ದೊಡ್ಡ ಅಪಾಯ. ಚೆಕ್‌ಡಿಸ್ಕ್ ಒಳ್ಳೆಯ ಉಪಕರಣವೇ, ಆದರೆ ಅದನ್ನು ಓಡಿಸಬೇಕಾದದ್ದು ಹೊಸ ಪ್ರತಿಯ ಮೇಲೆ. ಲ್ಯಾಪ್‌ಟಾಪನ್ನು ಆಗಲೇ ಆಫ್ ಮಾಡಿದೆವು. ಹೊಸ ಡ್ರೈವ್ ಬರುವವರೆಗೆ ಯಾರೂ ಆನ್ ಮಾಡಲಿಲ್ಲ. ಚಿಕ್ಕಪ್ಪನಿಗೆ ಅದು ಕಷ್ಟವೇ ಆಯಿತು.

ಡ್ರೈವ್ ಆರಿಸುವಾಗ ಹೊಂದಾಣಿಕೆಯೇ ಮುಖ್ಯ. ಈ ಲ್ಯಾಪ್‌ಟಾಪ್‌ನಲ್ಲಿ ಎಂ.2, ಅಂದರೆ ಹೊಸ ಚಿಕ್ಕ ಎಸ್‌ಎಸ್‌ಡಿಗಳನ್ನು ಕೂರಿಸುವ ಜಾಗ, ಇಲ್ಲ. ಇರುವುದು ಹಾರ್ಡ್‌ಡಿಸ್ಕ್ ಜೋಡಿಸುವ 2.5 ಇಂಚಿನ ಸಾಟಾ ಜಾಗ ಒಂದೇ. ಹಾಗಾಗಿ ಇನ್ನೂ ವೇಗದ ಎನ್‌ವಿಎಂಇ ಡ್ರೈವ್‌ನ ಮಾತೇ ಇಲ್ಲ, ಸಾಟಾ ಎಸ್‌ಎಸ್‌ಡಿಯೇ ಬೇಕು. ಬೋರ್ಡ್‌ನ ಸಾಟಾ ಸೆಕೆಂಡಿಗೆ 6 ಗಿಗಾಬಿಟ್‌ನದ್ದು. ಎನ್‌ಕೋಡಿಂಗ್‌ಗೆ ಹೋಗುವುದನ್ನು ಕಳೆದರೆ 600 ಎಂಬಿ, ಕೈಗೆ ಸಿಗುವುದು 550ರ ಆಸುಪಾಸು. ಇನ್ನೂ ಹಳೆಯ ಕಂಪ್ಯೂಟರ್‌ಗಳಲ್ಲಿ 3 ಗಿಗಾಬಿಟ್‌ನ ಸಾಟಾ ಇರುತ್ತದೆ, ಅಲ್ಲಿ ಇದರ ಅರ್ಧ ಸಿಗುತ್ತದೆ. ಅದಕ್ಕೂ ಎದೆಗುಂದಬೇಕಿಲ್ಲ. ಚೂರುಚೂರಾಗಿ ಓದುವುದರಲ್ಲಿ ಸಿಗುವ ಲಾಭ ಅಲ್ಲೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ.

ಗಾತ್ರದ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. 480 ಜಿಬಿ ಮತ್ತು 500 ಜಿಬಿ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಕ್ಲೋನ್ ಮಾಡುವವರಿಗೆ ಹಾಗಲ್ಲ. ಹಳೆಯ ಡಿಸ್ಕ್‌ನಲ್ಲಿ 97,67,73,168 ಸೆಕ್ಟರ್ ಇದ್ದವು. 500 ಜಿಬಿ ಎಂದು ಮಾರುವ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ ಸಂಖ್ಯೆ. 480 ಜಿಬಿಯಲ್ಲಿ 93,77,03,088. ಅಂದರೆ 500ರದ್ದು ತಂದರೆ ಮೊದಲ ಸೆಕ್ಟರ್‌ನಿಂದ ಕೊನೆಯದರವರೆಗೆ ಇದ್ದದ್ದು ಇದ್ದ ಹಾಗೆ ನಕಲು ಮಾಡಬಹುದು. 480 ತಂದರೆ ಮೊದಲು ಪಾರ್ಟಿಶನ್ (ಡಿಸ್ಕ್‌ನ ವಿಭಾಗ) ಕುಗ್ಗಿಸಬೇಕು, ಕೊನೆಯಲ್ಲಿರುವ ರಿಕವರಿ ಪಾರ್ಟಿಶನ್ ಸರಿಸಬೇಕು. ಇದೆಲ್ಲ ಸಾಯುತ್ತಿರುವ ಡಿಸ್ಕ್ ಮೇಲೆ ಬರೆಯುವ ಕೆಲಸ. ಬೇಡವೇ ಬೇಡ. 500 ಜಿಬಿಯ ಎಸ್‌ಎಸ್‌ಡಿ ತಂದೆವು. ಜೊತೆಗೆ ಸಾಟಾದಿಂದ ಯುಎಸ್‌ಬಿ 3ಕ್ಕೆ ಜೋಡಿಸುವ ಕೇಬಲ್, ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಡ್ರೈವ್.

“ವಿಂಡೋಸ್ ಹೊಸದಾಗಿ ಹಾಕಿಬಿಟ್ಟರೆ ಆಗಲ್ವೇನಮ್ಮ?” ಅಂತ ಚಿಕ್ಕಪ್ಪ ಕೇಳಿದರು. ಸಾಮಾನ್ಯವಾಗಿ ನಾನೂ ಅದನ್ನೇ ಹೇಳುತ್ತೇನೆ. ವರ್ಷಗಟ್ಟಲೆ ಓಡಿದ ವಿಂಡೋಸ್‌ನಲ್ಲಿ ಬೇಡದ್ದು ಬಹಳ ಸೇರಿರುತ್ತದೆ. ಆದರೆ ಅವರ ಹಳೆಯ ದಾಖಲೆಗಳೆಲ್ಲ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತ, ಬಳಕೆಗೆ ಬರುವ ಮುಂಚಿನ ಫಾಂಟ್‌ಗಳಲ್ಲಿವೆ. ಫಾಂಟ್ ಇಲ್ಲದೆ ಆ ಫೈಲ್ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಒಂದೇ ಹೆಸರಿನ ಫಾಂಟ್ ಆದರೂ ಆವೃತ್ತಿ ಬೇರೆಯಾದರೆ ಕೆಲವು ಒತ್ತಕ್ಷರಗಳು ತಪ್ಪಾಗುತ್ತವೆ. ಇನ್‌ಸ್ಟಾಲ್ ಫೈಲ್‌ಗಳು ಅವರ ಹತ್ತಿರ ಇರಲಿಲ್ಲ. ಹಾಗಾಗಿ ಇಲ್ಲಿ ಇದ್ದದ್ದನ್ನು ಇದ್ದ ಹಾಗೆ ಎತ್ತಿಕೊಂಡು ಹೋಗುವುದೇ ಸರಿಯಾಗಿತ್ತು.

ಹಳೆಯ ವಿಂಡೋಸ್ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಶುರುಮಾಡಿದೆ. ಹಳೆಯ ಡಿಸ್ಕನ್ನು ಓದಲು ಮಾತ್ರ ಎಂಬಂತೆ ಜೋಡಿಸಿ, ಮೊದಲು ಸ್ಕ್ಯಾನ್ ಮಾಡಿದ ಫೋಲ್ಡರ್‌ಗಳನ್ನೂ ದಾಖಲೆಗಳನ್ನೂ ಫಾಂಟ್‌ಗಳನ್ನೂ ಎಕ್ಸ್‌ಟರ್ನಲ್ ಡ್ರೈವ್‌ಗೆ ಕಾಪಿ ಮಾಡಿದೆ. ಇಡೀ ಡಿಸ್ಕ್‌ನ ನಕಲು ಮೊದಲು ತೆಗೆಯಬೇಕು ಅನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ ಬೇರೆ. ಮತ್ತೆ ಸಿಗದಂಥದ್ದು ಸ್ವಲ್ಪವೇ ಜಾಗದಲ್ಲಿ ಇದ್ದರೆ ಅದನ್ನು ಮೊದಲು ಹೊರಗೆ ತರಬೇಕು. ಉಳಿದ ವಿಂಡೋಸ್ ಹೋದರೆ ಮತ್ತೆ ಹಾಕಬಹುದು. ಒಂದೇ ಒಂದು ಫೋಟೋದ ಮೇಲೆ ಕಾಪಿ ನಿಂತಿತು. ಅದನ್ನು ಬಿಟ್ಟು ಮುಂದೆ ಹೋದೆ.

ನಂತರ, ಇಡೀ ಡಿಸ್ಕನ್ನು ಎಸ್‌ಎಸ್‌ಡಿಗೆ ನಕಲಿಸಲು ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಸಾಮಾನ್ಯ ಕ್ಲೋನ್ ತಂತ್ರಾಂಶಗಳು ಓದಲಾಗದ ಜಾಗ ಬಂದರೆ ನಿಂತುಬಿಡುವುದು ಉಂಟು. ಡಿಡಿರೆಸ್ಕ್ಯೂ ಅಂಥ ಜಾಗವನ್ನು ಗುರುತು ಹಾಕಿಕೊಂಡು ಹಾರಿ ಮುಂದೆ ಹೋಗುತ್ತದೆ. ಚೆನ್ನಾಗಿರುವುದನ್ನೆಲ್ಲ ಮೊದಲು ತೆಗೆದುಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಮರಳುತ್ತದೆ. ಆ ಗುರುತುಗಳನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಈ ಫೈಲನ್ನು ಬೇರೊಂದು ಪೆನ್‌ಡ್ರೈವ್‌ನಲ್ಲಿ ಇಡಬೇಕು. ಲೈವ್ ಲಿನಕ್ಸ್‌ನ ಮೆಮೊರಿಯಲ್ಲಿ ಇಟ್ಟರೆ ಕರೆಂಟ್ ಹೋದಾಗ ಅದೂ ಹೋಗುತ್ತದೆ, ಕೆಲಸ ಮೊದಲಿನಿಂದ ಶುರು.

ಇಡೀ ಡ್ರೈವ್ ಮೇಲೆ ಬರೆಯುವ ಮುಂಚೆ ಅದು ‘ಫೋರ್ಸ್’ ಎಂಬ ಆಯ್ಕೆ ಕೊಟ್ಟರೆ ಮಾತ್ರ ಒಪ್ಪುತ್ತದೆ. ಅಲ್ಲಿ ಒಂದು ಕ್ಷಣ ನಿಲ್ಲಬೇಕು. ಯಾವುದು ಮೂಲ, ಯಾವುದು ಗುರಿ? ಎರಡೂ 500 ಜಿಬಿ, ಗಾತ್ರ ನೋಡಿ ಗುರುತಿಸಲು ಆಗುವುದಿಲ್ಲ. ಮಾಡೆಲ್ ಮತ್ತು ಸೀರಿಯಲ್ ನಂಬರ್ ಓದಿ, ಡ್ರೈವ್‌ನ ಮೇಲಿನ ಚೀಟಿಗೆ ಹೋಲಿಸಿಯೇ ಮುಂದುವರಿಯಬೇಕು. ಅದಲುಬದಲಾದರೆ ಖಾಲಿ ಡ್ರೈವ್ ಹಳೆಯದರ ಮೇಲೆ ನಕಲಾಗುತ್ತದೆ, ಇದ್ದದ್ದೂ ಹೋಗುತ್ತದೆ.

ಮೊದಲ ಸುತ್ತು ಎರಡು ಗಂಟೆಯ ಹತ್ತಿರ ಹಿಡಿಯಿತು. ಆಮೇಲೆ ಕೆಟ್ಟ ಜಾಗಗಳ ಮೇಲೆ ಮರುಪ್ರಯತ್ನ. ಈ ಡಿಸ್ಕ್‌ನ ಒಳಗಿನ ನಿಜವಾದ ಸೆಕ್ಟರ್ 4096 ಬೈಟ್‌ನದ್ದು, ಹೊರಗೆ ಅದು 512 ಬೈಟ್‌ನ ಎಂಟು ಸೆಕ್ಟರ್‌ಗಳಾಗಿ ಕಾಣುತ್ತದೆ. ಹಾಗಾಗಿ ಆ 24 ಅಂದರೆ ನಿಜದಲ್ಲಿ ಮೂರು ಜಾಗ. ಮರುಪ್ರಯತ್ನದಲ್ಲಿ ಒಂದು ಓದಿಸಿಕೊಂಡಿತು. ಎರಡು ಓದಲೇ ಇಲ್ಲ. ಒಟ್ಟು ನಷ್ಟ 8192 ಬೈಟ್.

ಆ ಎಂಟು ಸಾವಿರ ಬೈಟ್ ಯಾವ ಫೈಲ್‌ಗಳದ್ದು ಅಂತ ಹುಡುಕದೆ ಕೆಲಸ ಮುಗಿಯಿತು ಅನ್ನಬಾರದು. ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆಗಾಗಿ ಲಿನಕ್ಸ್‌ನಲ್ಲಿರುವ ಉಪಕರಣಗಳ ಜೊತೆ ಎನ್‌ಟಿಎಫ್‌ಎಸ್‌ಕ್ಲಸ್ಟರ್ ಅಂತ ಒಂದು ಬರುತ್ತದೆ. ಸೆಕ್ಟರ್ ಸಂಖ್ಯೆ ಕೊಟ್ಟರೆ ಅದು ಯಾವ ಫೈಲ್‌ಗೆ ಸೇರಿದ್ದು ಎಂದು ಹೇಳುತ್ತದೆ. ಪಾರ್ಟಿಶನ್ ಶುರುವಾಗುವ ಸೆಕ್ಟರನ್ನು ಕಳೆದು ಕೊಡಬೇಕು, ಅಷ್ಟೇ. ಒಂದು ಜಾಗ, ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ತಾತ್ಕಾಲಿಕ ಪೇಜ್‌ಫೈಲ್‌ನದ್ದು, ಅದು ಹೋದರೆ ಏನೂ ಇಲ್ಲ. ಇನ್ನೊಂದು, ಕಾಪಿ ನಿಂತಿದ್ದ ಅದೇ ಫೋಟೋ. ತೆರೆದು ನೋಡಿದರೆ ಮೇಲಿನ ಅರ್ಧ ಸರಿಯಾಗಿತ್ತು. ಅಲ್ಲಿಂದ ಕೆಳಗೆ ಬಣ್ಣ ಕೆಟ್ಟು, ಚಿತ್ರ ಪಕ್ಕಕ್ಕೆ ಜರುಗಿತ್ತು. ಜೆಪೆಗ್‌ನಲ್ಲಿ ಒಂದು ಭಾಗವನ್ನು ಬಿಡಿಸಲು ಅದರ ಹಿಂದಿನ ಭಾಗ ಬೇಕು. ಹಾಗಾಗಿ ನಡುವೆ 4 ಕೆಬಿ ಹೋದರೂ ಅದರ ಕೆಳಗಿನದೆಲ್ಲ ಹಾಳಾಗುತ್ತದೆ. ಪುಣ್ಯಕ್ಕೆ ಕಾಗದದ ಮೂಲ ಫೋಟೋ ಆಲ್ಬಮ್‌ನಲ್ಲೇ ಇತ್ತು. ಚಿಕ್ಕಪ್ಪ ಮತ್ತೆ ಸ್ಕ್ಯಾನ್ ಮಾಡಿದರು.

ಹಳೆಯ ಡಿಸ್ಕ್ ತೆಗೆಯುವ ಮುಂಚೆ ಲಿನಕ್ಸ್‌ನ ಗ್ನೋಮ್ ಡಿಸ್ಕ್ಸ್‌ನಲ್ಲಿ ಓದುವ ವೇಗದ ಪರೀಕ್ಷೆ ಮಾತ್ರ ಮಾಡಿದೆ. ಎಸ್‌ಎಸ್‌ಡಿ ಒಳಗೆ ಕೂತ ಮೇಲೆ ಅದನ್ನೂ ಹಾಗೇ ಅಳೆದೆ. ಸಾಲಾಗಿ ಓದುವ ಸರಾಸರಿ 80 ಎಂಬಿಯಿಂದ 500 ದಾಟಿತು, ಅಂದರೆ ಆರು ಪಟ್ಟು. ಒಂದು ಚೂರು ಹುಡುಕಿ ತರುವ ಸಮಯ 18 ಮಿಲಿಸೆಕೆಂಡ್‌ನಿಂದ 0.1ಕ್ಕೆ ಇಳಿಯಿತು, ಅಂದರೆ 180 ಪಟ್ಟು. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗುವುದು ಮೊದಲನೆಯ ಅಂಕಿ. ಬಳಸುವವರಿಗೆ ಅನುಭವಕ್ಕೆ ಬರುವುದು ಎರಡನೆಯದು.

ಕಳಚಿ ಜೋಡಿಸುವುದು ಎಲ್ಲಕ್ಕಿಂತ ಸುಲಭದ ಭಾಗ. ಬ್ಯಾಟರಿ ತೆಗೆದು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಉಳಿದ ಕರೆಂಟ್ ಇಳಿಸಿದೆವು. ಹಿಂದಿನ ಕವರ್ ಎಲ್ಲ ಸ್ಕ್ರೂ ಬಿಚ್ಚಿದರೂ ಬರಲಿಲ್ಲ. ಒತ್ತಾಯ ಮಾಡದೆ ಹುಡುಕಿದಾಗ ರಬ್ಬರ್ ಪಾದದ ಕೆಳಗೆ ಒಂದು ಸ್ಕ್ರೂ ಅಡಗಿತ್ತು. ಕವರ್ ಒಡೆಯುವುದು ಹೆಚ್ಚಾಗಿ ಇಂಥ ಸ್ಕ್ರೂ ಗೊತ್ತಿಲ್ಲದೆ ಎಳೆದಾಗಲೇ. ಹಳೆಯ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7. ಲೋಹದ ಚೌಕಟ್ಟಿಗೆ ಪಕ್ಕದಿಂದ ಸ್ಕ್ರೂ ಬಿಗಿಯುವ ವ್ಯವಸ್ಥೆ ಇದ್ದದ್ದರಿಂದ ಅಲುಗಾಡಲಿಲ್ಲ. ಚೌಕಟ್ಟು ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಎರಡೂವರೆ ಮಿಲಿಮೀಟರ್‌ನ ಸ್ಪೇಸರ್ ಬೇಕಾಗುತ್ತದೆ.

ವಿಂಡೋಸ್ ಮೊದಲ ಸಲಕ್ಕೇ ಶುರುವಾಯಿತು. ಬಯಾಸ್‌ನಲ್ಲಿ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಡ್ರೈವ್ ಜೊತೆ ಮಾತಾಡುವ ಎಎಚ್‌ಸಿಐ ವಿಧಾನ ಮೊದಲೇ ಇತ್ತು. ಹಳೆಯ ವಿಧಾನವಾದ ಐಡಿಇ ಇದ್ದು ಅದನ್ನು ಸುಮ್ನೆ ಬದಲಿಸಿದ್ದರೆ ನೀಲಿ ಪರದೆ ಬರುವ ಸಾಧ್ಯತೆ ಇರುತ್ತಿತ್ತು. ಆಗ ಸೇಫ್ ಮೋಡ್ ಮೂಲಕ ಬದಲಿಸಬೇಕು. ಒಂದು ಎಚ್ಚರ: ಮೂಲ ಮತ್ತು ನಕಲು ಎರಡನ್ನೂ ಒಟ್ಟಿಗೆ ಜೋಡಿಸಿ ವಿಂಡೋಸ್ ಶುರುಮಾಡಬಾರದು. ಎರಡರ ಗುರುತೂ ಒಂದೇ ಆಗಿರುವುದರಿಂದ ಅದು ಒಂದನ್ನು ಆಫ್‌ಲೈನ್ ಮಾಡುತ್ತದೆ.

ಆಗ, ಈ ಹೊಸ ಪ್ರತಿಯ ಮೇಲೆ, ಚೆಕ್‌ಡಿಸ್ಕ್ ಓಡಿಸಿದೆ. ಸಿಸ್ಟಮ್ ಫೈಲ್‌ಗಳ ತಪಾಸಣೆಯೂ ಆಯಿತು. ಟ್ರಿಮ್, ಅಂದರೆ ಖಾಲಿಯಾದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ವ್ಯವಸ್ಥೆ, ಚಾಲ್ತಿಯಲ್ಲಿದೆಯಾ ಅಂತ ನೋಡಿದೆ, ಇತ್ತು. ಆಮೇಲೆ ‘ಆಪ್ಟಿಮೈಜ್ ಡ್ರೈವ್ಸ್’ ಕೈಯಾರೆ ಒಮ್ಮೆ ಒತ್ತಿದೆ. ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಸೆಕ್ಟರ್ ಸೆಕ್ಟರ್ ನಕಲು ಮಾಡುವಾಗ ಖಾಲಿ ಜಾಗವೂ ಬರೆದದ್ದೇ ಆಗುತ್ತದೆ. ಎಸ್‌ಎಸ್‌ಡಿಯ ಲೆಕ್ಕದಲ್ಲಿ ಅದು ಪೂರ್ತಿ ತುಂಬಿದ ಹಾಗೆ. ಆಪ್ಟಿಮೈಜ್ ಒತ್ತಿದಾಗ ಯಾವುದು ನಿಜವಾಗಿ ಖಾಲಿ ಎಂದು ವಿಂಡೋಸ್ ಅದಕ್ಕೆ ತಿಳಿಸುತ್ತದೆ. ಎಸ್‌ಎಸ್‌ಡಿ ಮೇಲೆ ಅದು ಡಿಫ್ರಾಗ್ ಅಲ್ಲ, ಹೆದರಬೇಕಿಲ್ಲ.

ಶುರುವಾಗುವ ಸಮಯವನ್ನು ‘ರೀಸ್ಟಾರ್ಟ್’ ಮಾಡಿಯೇ ಅಳೆಯಬೇಕು. ‘ಶಟ್‌ಡೌನ್’ ಮಾಡಿದರೆ ಫಾಸ್ಟ್ ಸ್ಟಾರ್ಟಪ್ ಕಾರಣದಿಂದ ವಿಂಡೋಸ್ ಅರ್ಧ ನಿದ್ದೆಯಿಂದ ಏಳುತ್ತದೆ, ಅಂಕಿ ಸರಿಯಾಗಿ ಬರುವುದಿಲ್ಲ. ರೀಸ್ಟಾರ್ಟ್ ಒತ್ತಿದಲ್ಲಿಂದ ದಾಖಲೆ ತೆರೆದು ಒಂದು ಸಾಲು ಟೈಪ್ ಮಾಡುವವರೆಗೆ ಲೆಕ್ಕ ಹಿಡಿದೆವು. ಆರು ನಿಮಿಷದ ಹತ್ತಿರ ಇದ್ದದ್ದು ಒಂದು ನಿಮಿಷದೊಳಗೆ ಬಂತು. ಫೋಟೋ ಫೋಲ್ಡರ್ ತೆರೆದ ಕೂಡಲೇ ಎಲ್ಲ ಚಿತ್ರ ಮೂಡಿತು. ಚಿಕ್ಕಪ್ಪ ಮುಚ್ಚಿ ಮತ್ತೆ ತೆರೆದರು. “ಇಷ್ಟು ದಿನ ನಾನು ಸುಮ್ನೆ ಕಾಯ್ತಾ ಕೂತಿದ್ದೆನಲ್ಲಮ್ಮ” ಅಂದರು.

ಆಗದೆ ಉಳಿದದ್ದನ್ನೂ ಹೇಳಬೇಕು. ವೀಡಿಯೋ ಒಂದನ್ನು ಬೇರೆ ರೂಪಕ್ಕೆ ಬದಲಿಸುವ ಕೆಲಸಕ್ಕೆ ಮೊದಲಿನಷ್ಟೇ ಹೊತ್ತು ಬೇಕು, ಅದು ಪ್ರೊಸೆಸರ್‌ನ ಕೆಲಸ. ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆದರೆ ಈಗಲೂ ತಡವರಿಸುತ್ತಿತ್ತು, ಅದು ರ‍್ಯಾಮ್‌ನ ಕೊರತೆ. ರ‍್ಯಾಮನ್ನು ಬೇಕೆಂತಲೇ ಆಮೇಲೆ, ಬೇರೆಯಾಗಿ ಹಾಕಿದ್ದು. ಎರಡೂ ಒಟ್ಟಿಗೆ ಹಾಕಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಈ ಪೀಳಿಗೆಯ ಲ್ಯಾಪ್‌ಟಾಪ್‌ಗೆ 1.35 ವೋಲ್ಟ್‌ನ ಡಿಡಿಆರ್3ಎಲ್ ರ‍್ಯಾಮ್ ಬೇಕು. 1.5 ವೋಲ್ಟ್‌ನ ಹಳೆಯ ಡಿಡಿಆರ್3 ನೋಡಲು ಒಂದೇ ಥರ ಇದ್ದರೂ ಇಲ್ಲಿ ಕೆಲಸ ಮಾಡುವ ಭರವಸೆ ಇಲ್ಲ. 8 ಜಿಬಿಗೆ ಏರಿಸಿದ ಮೇಲೆ ಆ ತೊಂದರೆಯೂ ಹೋಯಿತು.

ಹಳೆಯ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಬ್ಯಾಕಪ್‌ಗೆ ಬಳಸೋಣ ಎಂದು ಚಿಕ್ಕಪ್ಪ ಕೇಳಿದರು. ಸಿ5 ಸೊನ್ನೆ ಇದ್ದಿದ್ದರೆ ಆಗಲಿ ಅನ್ನುತ್ತಿದ್ದೆ. ಈ ಡಿಸ್ಕ್‌ಗೆ ಬೇಡ ಅಂದೆ. ಎಲ್ಲ ಫೈಲ್ ಸರಿಯಿವೆ ಎಂದು ಖಾತ್ರಿಯಾಗುವವರೆಗೆ ಇಟ್ಟು, ಆಮೇಲೆ ಪೂರ್ತಿ ಅಳಿಸಿ ವಿಲೇವಾರಿ ಮಾಡುವುದೇ ಸರಿ.

ಬ್ಯಾಕಪ್ ಬಗ್ಗೆ ನಾನು ಪಟ್ಟು ಹಿಡಿದದ್ದಕ್ಕೆ ಕಾರಣ ಇದೆ. ಹಾರ್ಡ್‌ಡಿಸ್ಕ್ ಸಾಯುವ ಮುಂಚೆ ಹೆಚ್ಚಾಗಿ ಇಲ್ಲಿನ ಹಾಗೆ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಎಷ್ಟೋ ಸಲ ಒಂದು ದಿನ ಕಾಣಿಸಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಇನ್ನೊಂದು, ಹಾರ್ಡ್‌ಡಿಸ್ಕ್‌ನಲ್ಲಿ ತಪ್ಪಿ ಅಳಿಸಿದ ಫೈಲನ್ನು ಮರಳಿ ಪಡೆಯುವ ಅವಕಾಶ ಇರುತ್ತಿತ್ತು. ಟ್ರಿಮ್ ಇರುವ ಎಸ್‌ಎಸ್‌ಡಿಯಲ್ಲಿ ಆ ಅವಕಾಶ ಹೆಚ್ಚುಕಡಿಮೆ ಇಲ್ಲ. ಈಗ ವಾರಕ್ಕೊಮ್ಮೆ ಚಿಕ್ಕಪ್ಪ ಎಕ್ಸ್‌ಟರ್ನಲ್ ಡ್ರೈವ್ ಜೋಡಿಸಿ, ಕಾಪಿಯಾದ ಮೇಲೆ ಬಿಚ್ಚಿಡುತ್ತಾರೆ. ಸದಾ ಜೋಡಿಸಿಯೇ ಇಟ್ಟರೆ ವೈರಸ್ ಬಂದಾಗ ಎರಡೂ ಹೋಗುತ್ತವೆ.

ಉಳಿದಿರುವುದು ವಿಂಡೋಸ್‌ನ ಪ್ರಶ್ನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ ಭದ್ರತಾ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿತ್ತು. 4ನೇ ಪೀಳಿಗೆಯ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಅಡ್ಡದಾರಿಗಳು ಇವೆ, ಆದರೆ ಬೇರೆಡೆ ಸಿಗದ ದಾಖಲೆ ಇರುವ ಲ್ಯಾಪ್‌ಟಾಪ್‌ಗೆ ನಾನು ಅದನ್ನು ಹೇಳುವುದಿಲ್ಲ. ಲಿನಕ್ಸ್‌ಗೆ ಹೋಗುವುದೇ ಸರಿಯಾದ ದಾರಿ. ಈ ವೇಗದಲ್ಲಿ ಅದು ಇಲ್ಲಿ ಆರಾಮಾಗಿ ಓಡುತ್ತದೆ. ಅಡ್ಡ ಇರುವುದು ಆ ಹಳೆಯ ಫಾಂಟ್‌ಗಳ ದಾಖಲೆಗಳು ಮಾತ್ರ. ಅವನ್ನು ಚಿಕ್ಕಪ್ಪ ಈಗ ಒಂದೊಂದಾಗಿ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಮೂಲಕ್ಕೆ ಹೋಲಿಸಿ ತಿದ್ದುತ್ತಿದ್ದಾರೆ. ಅದು ಮುಗಿಯುವವರೆಗೆ ವಿಂಡೋಸ್ ಇರುತ್ತದೆ, ಬ್ಯಾಂಕ್ ಕೆಲಸ ಮತ್ತು ಇಮೇಲ್ ಮಾತ್ರ ಅದರಲ್ಲಿ ಮಾಡುವುದಿಲ್ಲ.